ಉಪ್ಪು ನೋಡುವ ದೊಡ್ಡವ್ವ

ನಿನ್ನೆ ಮಾವಿನಕಾಯಿ ಉಪ್ಪಿನಕಾಯಿಗೆಂದು ಸಾಸಿವೆ, ಮೆಂತ್ಯ ಹುರಿಯುತ್ತಿದ್ದೆ. ಇಂಗು ಬೀಳುತ್ತಲೇ ಎದ್ದ ಘಮ ಅಡುಗೆಮನೆ ದಾಟಿ ಓಣಿಗೆ ಹೋಯಿತು. ಮೊದಲಾಗಿದ್ದರೆ ಅದರ ಬೆನ್ನಿಗೇ ಎದುರುಮನೆ ದೊಡ್ಡವ್ವನ ದನಿ ಬರುತ್ತಿತ್ತು: "ಯವ್ವಾ, ಮೆಂತ್ಯ ಹೊತ್ತಾಕತ್ತದ ನೋಡ!" ಹೊತ್ತಿರುತ್ತಿರಲಿಲ್ಲ. ತಾನು ಬರುತ್ತಿದ್ದೇನೆ ಎಂದು ತಿಳಿಸುವ ರೀತಿ ಅದು...

ಮಾನ್ವಿಯ ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಯಲ್ಲೇ ಉಪ್ಪಿನಕಾಯಿ ಕಲಸಲಿ, ದೊಡ್ಡವ್ವ ಬಂದು ಉಪ್ಪು ನೋಡುವತನಕ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವಂತಿರಲಿಲ್ಲ. ನಾನು ದೇವದುರ್ಗದಿಂದ ಸೊಸೆಯಾಗಿ ಬಂದ ವರ್ಷ ನನ್ನ ಉಪ್ಪಿನಕಾಯಿ ನೆಕ್ಕಿದವಳೇ, "ನಿಮ್ಮ ದೇವದುರ್ಗದಾಗ ಉಪ್ಪು ಬಂಗಾರದ ಅಂಗಡ್ಯಾಗ ಮಾರ್ತಾರೇನು?" ಎಂದು ಕೇಳಿ ಓಣಿಯನ್ನೆಲ್ಲ ನಗಿಸಿದ್ದಳು. ನನಗೆ ಮೈಯೆಲ್ಲ ಉರಿದಿತ್ತು. ಆದರೆ ಆ ವರ್ಷದ ಉಪ್ಪಿನಕಾಯಿ ಬೂಷ್ಟು ಹಿಡಿಯದೆ ಉಳಿದದ್ದು ಅವಳು ಸುರಿದ ಉಪ್ಪಿನಿಂದಲೇ.

ಮುಂದೆ ಅವಳಿಗೆ ಏದುಸಿರು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಕೂರಲು ಕಟ್ಟೆ ಹುಡುಕುತ್ತಿದ್ದಳು. ಅಂಗಾತ ಮಲಗಿದರೆ ದಮ್ಮು ಕಟ್ಟುತ್ತಿತ್ತು. ಅವಳ ಸೊಸೆಗೆ ಕೈಗೂಸಿದ್ದುದರಿಂದ ನಾನೇ ರಾಯಚೂರಿಗೆ ಕರೆದುಕೊಂಡು ಹೋದೆ. ಎದೆಯ ಸ್ಕ್ಯಾನ್ ಮಾಡಿಸಿದ ಡಾಕ್ಟರು, ಹೃದಯದ ಎಡಭಾಗ ಪೆಡಸಾಗಿದೆ, ಅದರಿಂದ ಪುಪ್ಪುಸದ ರಕ್ತನಾಳಗಳಲ್ಲಿ ಬಿ.ಪಿ. ಏರಿದೆ ಎಂದರು. ಗುಳಿಗೆ ಬರೆದುಕೊಟ್ಟು, ಉಪ್ಪಿನಕಾಯಿಯ ಹತ್ತಿರವೂ ಸುಳಿಯಬೇಡಿ ಎಂದರು.

ಅವಳ ತಲೆಯಲ್ಲಿ ಉಳಿದದ್ದು ಬಿ.ಪಿ. ಎಂಬ ಮಾತೊಂದೇ. ಕೆಲವು ದಿನಕ್ಕೆ ಇಲ್ಲೇ ದವಾಖಾನೆಯಲ್ಲಿ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ನೋಡಿಸಿದಳು. ಎಲ್ಲ ಸರಿಯಾಗಿತ್ತು! "ಬಿ.ಪಿ. ಓಡಿಹೋತು, ಜಾಡಿ ತರ್ರಿ" ಎಂದು ಓಣಿ ತುಂಬ ಸಾರಿ, ಗುಳಿಗೆಗಳನ್ನು ಮೂಲೆಗೆಸೆದಳು. ಬಿ.ಪಿ. ಎಂದರೆ ತೋಳಿನಲ್ಲಿ ಸಿಗುವುದೇ ಎಂದು ನಾವೂ ನಂಬಿದ್ದೆವು. ಮಾವಿನಕಾಯಿಯ ಕಾಲ ಬೇರೆ. ಖುಷಿಯಿಂದ ಮನೆಮನೆಗೂ ಕರೆದೆವು. ವಾರದೊಳಗೆ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಅಷ್ಟು ಮಾತಿನ ಹೆಂಗಸಿಗೆ ಮಾತು ಅರ್ಧಕ್ಕೇ ನಿಲ್ಲತೊಡಗಿದಾಗ ನನಗೆ ಜೀವವೇ ಹಾರಿತು.

ಮತ್ತೆ ರಾಯಚೂರಿಗೆ ಓಡಿದೆವು. ಡಾಕ್ಟರು ಬಯ್ಯಲಿಲ್ಲ. "ಯವ್ವಾ, ಕಾಲುವಿ ನೋಡೀರಲ್ಲ? ಮುಂದಿನ ಗೇಟ್ ಪೂರಾ ತೆರೀಲಿಲ್ಲಂದ್ರ ನೀರು ಹಿಂದ ನಿಲ್ತದ. ನಿಮ್ಮ ಎದ್ಯಾಗ ಹಂಗಾಗೇದ. ರಕ್ತ ಪುಪ್ಪುಸದಾಗ ನಿಂತು ಒತ್ತಾಕತ್ತದ. ಅದು ತೋಳಿನ ಪಟ್ಟಿಗಿ ಕಾಣಂಗಿಲ್ಲ. ಉಪ್ಪು ತಿಂದ್ರ ನೀರು ಇನ್ನಾ ಏರ್ತದ."

"ಅಂದ್ರ ನನ್ನ ಹೊಲಾ ನಾನ ಮುಳುಗಿಸಿಕೊಂಡೆ" ಎಂದು ಆ ಏದುಸಿರಿನಲ್ಲೂ ನಕ್ಕಳು.

ಕೆಲವು ದಿನ ಅಲ್ಲಿದ್ದು, ಬಾವು ಇಳಿದ ಮೇಲೆ ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ ಅವಳು ಮೆಲ್ಲಗೆ ಕೇಳಿದಳು: "ಉಪ್ಪು ನೋಡ್ಲಿಲ್ಲಂದ್ರ ನನ್ನ ಯಾರು ಕರೀತಾರ ಬೇ?" ಸಾಯುವ ಭಯಕ್ಕಿಂತ ಅವಳಿಗೆ ಅದು ದೊಡ್ಡದಾಗಿತ್ತು.

ಮರುದಿನ ನಾನೇ ಜಾಡಿ ಹೊತ್ತುಕೊಂಡು ಅವಳ ಕಟ್ಟೆಗೆ ಹೋದೆ. "ನಾ ನೆಕ್ತೀನಿ, ನೀವು ನನ್ನ ಮಾರಿ ನೋಡಿ ಹೇಳ್ರಿ" ಎಂದೆ.

ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಎರಡೂ ಕಣ್ಣು ಮುಚ್ಚಿದಿ. ಉಪ್ಪು ಜಾಸ್ತಿ ಆಗೇದ, ಇನ್ನೊಂದಿಷ್ಟು ಹೋಳು ಹಾಕು." ಹಾಕಿದೆ. ಹದ ಸರಿಯಾಯಿತು!

ಆಮೇಲೆ ಓಣಿಯ ಜಾಡಿಗಳೆಲ್ಲ ಅವಳ ಕಟ್ಟೆಗೇ ಬರತೊಡಗಿದವು. ಅವಳು ದಿಂಬಿಗೆ ಒರಗಿ ಕೂತಿರುತ್ತಿದ್ದಳು. ನಾವೆಲ್ಲ ಸರದಿಯಲ್ಲಿ ನೆಕ್ಕಿ ಮುಖ ಒಡ್ಡುತ್ತಿದ್ದೆವು. ಬೇಕೆಂದೇ ಮುಖ ಕಿವಿಚಿದವರಿಗೆ, "ನಾಟಕ ಮಾಡಬ್ಯಾಡ, ಸರೀಗಿ ನೆಕ್ಕು" ಎಂದು ಗದರಿಕೆ. ಗುಳಿಗೆ ಒಂದು ದಿನವೂ ತಪ್ಪಿಸಲಿಲ್ಲ. ಹೀಗೆ ಕೆಲವು ಬೇಸಿಗೆಗಳು ನಗುನಗುತ್ತಲೇ ಕಳೆದವು...

ಕಳೆದ ಚಳಿಗಾಲದಲ್ಲಿ ದೊಡ್ಡವ್ವ ಹೋದಳು. ಅವಳಿಲ್ಲದ ಮೊದಲ ಉಪ್ಪಿನಕಾಯಿ ಇದು. ನಿನ್ನೆ ಕಲಸಿ ಮುಗಿಸಿ, ಬಾಗಿಲಿಗೆ ಬಂದು ಬೆರಳು ನೆಕ್ಕಿದೆ. ಅಭ್ಯಾಸ ನೋಡಿ, ಮುಖ ತಾನಾಗಿ ಎದುರಿನ ಕಟ್ಟೆಯತ್ತ ತಿರುಗಿತು. ಎರಡೂ ಕಣ್ಣು ಮುಚ್ಚಿಕೊಂಡವು. ಉಪ್ಪು ಜಾಸ್ತಿಯಾಗಿಯೋ, ಅಳು ಬಂದೋ, ನನಗೇ ತಿಳಿಯಲಿಲ್ಲ. ಅವಳಿದ್ದರೆ ನೋಡಿ ಹೇಳುತ್ತಿದ್ದಳು.

ಜಾಡಿಗೆ ಇನ್ನೂ ಬಟ್ಟೆ ಕಟ್ಟಿಲ್ಲ.