ಓಬಯ್ಯನ ಕಿವಿ

ಹರಿಹರದ ಹೊಳೆದಂಡೆಯ ಕಮ್ಮಾರ ಗಿಡ್ಡಪ್ಪ. ಗಿಡ್ಡಪ್ಪನ ಮಗ ಗುತ್ತೆಪ್ಪ. ಗುತ್ತೆಪ್ಪನ ಮಗ ಓಬಯ್ಯ. ಗಿಡ್ಡಪ್ಪ ಎತ್ತಿನ ಗಾಡಿಗಳ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟುತ್ತಿದ್ದವನು. ಕುಲುಮೆಗೆ ಗಾಳಿ ಊದುವ ತಿದಿಯ ತೊಗಲು ಎಲ್ಲಿ ಬಿರಿದಿದೆ ಎಂಬುದನ್ನು ಕೈಯಿಂದ ಮುಟ್ಟದೆ, ಬರೀ ಕಿವಿಗೊಟ್ಟು ಹೇಳುತ್ತಿದ್ದ. ಆ ಕಿವಿಯನ್ನು ಊರಗೌಡ ಒಮ್ಮೆ ಹಾಸ್ಯ ಮಾಡಿದನೆಂದು, ಕಾದ ಹಳಿಯನ್ನು ಅವನ ಕಣ್ಣೆದುರೇ ಹೊಳೆಗೆ ಎಸೆದು, ಗೌಡ ಸಾಯುವತನಕ ಆ ಮನೆಯ ಕುಡುಗೋಲನ್ನು ಕುಲುಮೆಗೆ ಸೇರಿಸಲಿಲ್ಲ. ಗುತ್ತೆಪ್ಪ ದಾವಣಗೆರೆಗೆ ಬಂದು ಪಿ.ಬಿ. ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಹಾಕಿದ. ಅವನ ಅಂಗಡಿಯಲ್ಲಿ ನೀರಿನ ತೊಟ್ಟಿಯೇ ಇರಲಿಲ್ಲ. ಲಾರಿಯ ಟ್ಯೂಬನ್ನು ಕಿವಿಯ ಪಕ್ಕ ಮೆಲ್ಲಗೆ ತಿರುಗಿಸಿ ತೂತು ಹಿಡಿಯುವನು. ನೀರಲ್ಲಿ ಅದ್ದಿ ಗುಳ್ಳೆ ನೋಡುವವನು ಕಿವುಡಿಗೆ ಹುಟ್ಟಿದವನು ಎಂದು ಎದುರಂಗಡಿಯವನನ್ನು ಬೀದಿಯಲ್ಲಿ ನಿಂತೇ ಜರೆಯುತ್ತಿದ್ದ.

ಹೀಗಾಗಿ ಓಬಯ್ಯನಿಗೆ ಆಸ್ತಿಯಾಗಿ ಬಂದದ್ದು ಎರಡೇ: ಕಿವಿ ಮತ್ತು ನಾಲಿಗೆ.

ಅಪ್ಪನ ಅಂಗಡಿಯನ್ನೇ ಬಸ್ಸು ರಿಪೇರಿಯ ಶೆಡ್ಡು ಮಾಡಿಕೊಂಡ ಅವನ ಕಾಲಕ್ಕೆ ಬಸ್ಸುಗಳ ಅಡಿಯ ಉಕ್ಕಿನ ಕಮಾನುಪಟ್ಟಿ ಹೋಗಿ ಗಾಳಿ ತುಂಬಿದ ರಬ್ಬರ್ ಬಲೂನು ಬಂದಿತ್ತು. ಬಸ್ಸಿನ ಭಾರವೆಲ್ಲ ಆ ಬಲೂನುಗಳ ಮೇಲೆ. ಒಂದು ಕಡೆ ಗಾಳಿ ಸೋರಿದರೆ ಬೆಳಗಾಗುವಷ್ಟರಲ್ಲಿ ಬಸ್ಸು ಕಾಲುನೋವಿನ ಎಮ್ಮೆಯಂತೆ ಒಂದು ಮಗ್ಗುಲಿಗೆ ಕುಸಿದಿರುತ್ತದೆ. ಸೋರುವುದು ಬಲೂನಿನ ಮಡಿಕೆಯೋ, ಪೈಪಿನ ಕೀಲೋ, ಎತ್ತರ ಸಮ ಮಾಡುವ ವಾಲ್ವೋ ಎಂದು ಹುಡುಕುವುದೇ ಕಷ್ಟದ ಕೆಲಸ. ಬೇರೆಯವರು ಸೋಪಿನ ನೀರು ಬಳಿದು ನೊರೆ ಎಲ್ಲಿ ಉಬ್ಬುತ್ತದೆಂದು ನೋಡುತ್ತಿದ್ದರು. ಓಬಯ್ಯ ಬಸ್ಸಿನ ಕೆಳಗೆ ಅಂಗಾತ ಮಲಗಿ, ಒಂದು ಕೈ ಹೊರಗೆ ಚಾಚಿ ಎತ್ತುವನು. ಕೈ ಎತ್ತಿದನೆಂದರೆ ಸಾಲಿನ ಶೆಡ್ಡುಗಳಲ್ಲೆಲ್ಲ ಸುತ್ತಿಗೆ ನಿಲ್ಲಬೇಕು, ರೇಡಿಯೋ ನಿಲ್ಲಬೇಕು, ಚಹಾದವನ ಲೋಟ ಕೂಡ ಸದ್ದು ಮಾಡಬಾರದು. ಬಸ್ಸು ಮೈಮೇಲೆ ಕುಸಿಯದಂತೆ ಅದರ ಅಡಿಚೌಕಟ್ಟು ಚಾಸಿಗೆ ಮರದ ದಿಮ್ಮಿ ಆನಿಸಿ ಮಲಗು ಎಂದರೆ ಕೇಳುತ್ತಿರಲಿಲ್ಲ. ದಿಮ್ಮಿ ಭಾರ ಹೊತ್ತರೆ ಬಲೂನಿಗೆ ಒತ್ತಡವಿಲ್ಲ, ಒತ್ತಡವಿಲ್ಲದೆ ತೂತು ಬಾಯಿ ಬಿಡುವುದಿಲ್ಲ ಎಂಬುದು ಅವನ ವಾದ. ಸಾವಿನ ಮನೆಯಂಥ ಆ ಮೌನದಲ್ಲಿ ಸ್ವಲ್ಪ ಹೊತ್ತು ಮಲಗಿ, ಇಂಥದೇ ಕೀಲು ಎನ್ನುವನು. ತಪ್ಪುತ್ತಿರಲಿಲ್ಲ.

ಅವನ ಹತ್ತಿರ ಕಲಿಯಲು ಹರಿಹರದ ಹಿದಾಯತ್ ಎಂಬವನು ಬಂದಿದ್ದ. ಒಂದು ದಿನ ಸದ್ದು ಹಿಡಿಯಲಾಗದೆ, ಕದ್ದು ಸೋಪಿನ ನೀರು ಬಳಿದ. ಓಬಯ್ಯ ಆ ಬೋಗುಣಿಯನ್ನು ಡ್ರೈವರುಗಳ ಎದುರೇ ಅವನ ನೆತ್ತಿಯ ಮೇಲೆ ಬೋರಲು ಹಾಕಿ, ಮೊದಲು ಕಿವಿ ತೊಳೆದುಕೋ, ಆಮೇಲೆ ಬಸ್ಸು ಮುಟ್ಟು ಎಂದ. ಉರಿಯುವ ಕಣ್ಣು ಒರೆಸಿಕೊಳ್ಳುತ್ತ ಹೋದ ಹಿದಾಯತ್ ಹರಿಹರದಲ್ಲಿ ತನ್ನದೇ ಶೆಡ್ಡು ಹಾಕಿಕೊಂಡ. ಹದಡಿಯ ಡ್ರೈವರ್ ಚೌಡೇಶನಿಗೂ ಅಂಥದೇ ಪ್ರಸಾದ ಸಿಕ್ಕಿತ್ತು. ಮೌನದ ಹೊತ್ತಿನಲ್ಲಿ ಕೆಮ್ಮಿದನೆಂದು, ನಿನ್ನವ್ವ ಹೆರುವಾಗ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದು ನಾಲ್ಕು ಜನರ ಮುಂದೆ ಅಂದಿದ್ದ. ಹಿದಾಯತ್ ಮರೆತ. ಚೌಡೇಶ ಮರೆಯುವ ಜಾತಿಯವನಲ್ಲ.

ಗಾಳಿ ತುಂಬುವ ಕಂಪ್ರೆಸರಿನ ಅಬ್ಬರದ ಪಕ್ಕದಲ್ಲಿ ಆಯುಷ್ಯ ಕಳೆದವನ ಕಿವಿ ಎಷ್ಟು ದಿನ ಉಳಿದೀತು? ಮೊದಲು ಗುಬ್ಬಿಗಳ ದನಿ ಹೋಯಿತು. ಆಮೇಲೆ ಹೆಂಡತಿ ಮೈಲಮ್ಮನ ಗೊಣಗಾಟ ಹೋಯಿತು. ಅದನ್ನು ಅವನು ನಷ್ಟವೆಂದು ಎಣಿಸಲಿಲ್ಲ. ಕೊನೆಗೆ ಸೋರುವ ಗಾಳಿಯ ಸದ್ದೇ ಹೋಯಿತು. ಮೈಲಮ್ಮ ಅವನನ್ನು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು. ಗಿಡ್ಡಪ್ಪನ ಮೊಮ್ಮಗ ಕಿವಿಯಲ್ಲಿ ಬಿರಡೆ ಇಟ್ಟುಕೊಂಡು ಪಿ.ಬಿ. ರಸ್ತೆಯಲ್ಲಿ ತಿರುಗಬೇಕೆ? ಅವನು ಬೇರೆ ಉಪಾಯ ಹೂಡಿದ. ಕೆಳಗೆ ತೂರುವ ಮೊದಲು ಕೆನ್ನೆಗೆ ಎಂಜಲು ಸವರಿಕೊಂಡು, ಒದ್ದೆ ಕೆನ್ನೆಯನ್ನು ಕೀಲಿಂದ ಕೀಲಿಗೆ ಒಯ್ಯುವನು. ಗಾಳಿ ತಾಗಿದಲ್ಲಿ ತಣ್ಣಗಾಗುತ್ತಿತ್ತು. ಮೇಲೆ ನಿಂತವರು ಕಿವಿಯೇ ಕೆಲಸ ಮಾಡುತ್ತಿದೆ ಎಂದುಕೊಂಡು ಉಸಿರು ಬಿಗಿಹಿಡಿದಿರುತ್ತಿದ್ದರು. ಆ ಹೆಸರೊಂದು ಹೋದರೆ ತಾನು ಬರೀ ಗ್ರೀಸು ಮೆತ್ತಿದ ಮುದುಕ ಎಂಬುದು ಓಬಯ್ಯನಿಗೆ ಗೊತ್ತಿತ್ತು.

ಒಮ್ಮೆ ಚೌಡೇಶ ಬೆನ್ನ ಹಿಂದಿನಿಂದ ಹಾರ್ನ್ ಒತ್ತಿದಾಗ ಓಬಯ್ಯ ತಿರುಗಿಯೂ ನೋಡಲಿಲ್ಲ. ಚೌಡೇಶನಿಗೆ ಅಷ್ಟೇ ಬೇಕಾಗಿತ್ತು.

ಮರುವಾರ ಹಗಲು ಹೊತ್ತಿನಲ್ಲೇ ಬಸ್ಸು ತಂದು ನಿಲ್ಲಿಸಿದ. ಬರುವ ಮುಂಚೆ ಹಿಂದಿನ ಬಲೂನಿನ ಮೇಲ್ತಟ್ಟೆಯ ಹಿಂದೆ, ಕೆನ್ನೆಯಾಗಲಿ ಕಣ್ಣಾಗಲಿ ಹೋಗದ ಸಂದಿಯಲ್ಲಿ, ಪೈಪಿನ ನಟ್ಟನ್ನು ಸಡಿಲಿಸಿದ್ದ. ಹರಿಹರದಿಂದ ಹಿದಾಯತನನ್ನೂ ಬಲೂನು ನೋಡುವುದಿದೆ ಎಂದು ಕರೆಸಿಕೊಂಡಿದ್ದ, ಸಂಗತಿ ಹೇಳಿರಲಿಲ್ಲ. ಉಳಿದ ಡ್ರೈವರುಗಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವರು ಚಹಾ ಹಿಡಿದು ಸುತ್ತ ನಿಂತರು.

ಓಬಯ್ಯ ಕೆಳಗೆ ತೂರಿ ಕೈ ಎತ್ತಿದ. ಬೀದಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗಾಳಿ ಕೆರಳಿದ ಹಾವಿನಂತೆ ಬುಸುಗುಟ್ಟುವುದು ರಸ್ತೆಯಾಚೆಯ ಚಹಾದಂಗಡಿಗೂ ಕೇಳಿಸಿತು.

ಓಬಯ್ಯ ಒದ್ದೆ ಕೆನ್ನೆಯನ್ನು ಎಲ್ಲ ಕೀಲಿಗೂ ಒಯ್ದ. ಎಲ್ಲಿಯೂ ತಣ್ಣಗಾಗಲಿಲ್ಲ.

"ಲೀಕ್ ಇಲ್ಲ," ಎಂದು ಕೆಳಗಿನಿಂದಲೇ ಹೇಳಿದ. "ಗಾಡಿ ಸರಿ ಐತೆ. ಸರಿ ಇಲ್ದಿರೋದು ಡ್ರೈವರ್ ತಲೆ."

ಚೌಡೇಶ ಬಗ್ಗಿ ಕೂತ. "ಹೌದಾ ಗುರುಗಳೇ? ಇನ್ನೊಂದ್ಸಲ ಚೆನ್ನಾಗಿ ಕೇಳ್ರಿ. ಹಾವು ಗೀವು ಹೊಕ್ಕಿದ್ದಾತು."

ಮಲಗಿದವನಿಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ಆ ಕಾಲುಗಳು ನಡುಗುತ್ತಿದ್ದವು. ಒಬ್ಬನ ಚಹಾ ಚಪ್ಪಲಿಯ ಮೇಲೆ ಚೆಲ್ಲಿತು. ಇನ್ನೊಬ್ಬನ ಕಾಲು ಪಕ್ಕದವನ ಕಾಲಿಗೆ ಒರಗಿಕೊಂಡಿತು. ನಗುವಿಗೆ ಸದ್ದು ಬೇಕಿಲ್ಲ, ಮೊಣಕಾಲು ನೋಡಿದರೂ ತಿಳಿಯುತ್ತದೆ. ಓಬಯ್ಯನಿಗೆ ತಿಳಿಯಿತು. ಆಗ ಹೊರಗೆ ಬಂದಿದ್ದರೆ ಮಾನವೊಂದೇ ಹೋಗುತ್ತಿತ್ತು. ಅವನು ಬರಲಿಲ್ಲ. ಕೆನ್ನೆ ಹೋಗದ ಸಂದಿಯೊಂದು ಉಳಿದಿದೆ ಎಂದು ನೆನಪಾಗಿ, ಬಲಗೈಯನ್ನು ಆಕ್ಸಲ್ ಮತ್ತು ಚಾಸಿಯ ನಡುವೆ ಮೇಲಕ್ಕೆ ತೂರಿಸಿದ. ಬೆರಳ ತುದಿಗೆ ಗಾಳಿ ತಾಗಿತು. ಸಿಕ್ಕಿತು ಎಂದು ಕೂಗಿದ.

ಅಷ್ಟು ಹೊತ್ತಿಗೆ ಬಲೂನು ಬಹುಪಾಲು ಬರಿದಾಗಿತ್ತು. ದಿಮ್ಮಿ ಇಲ್ಲದ ಬಸ್ಸು ಮೆಲ್ಲಗೆ, ದೊಡ್ಡ ಮನುಷ್ಯರು ಕುರ್ಚಿಯಲ್ಲಿ ಕೂರುವಂತೆ, ಅವನ ಕೈಯ ಮೇಲೆ ಕೂತಿತು.

ಅವನ ನೋವಿನ ಕೂಗನ್ನು ಡ್ರೈವರುಗಳು ಮೊದಲು ಬೈಗುಳವೆಂದು ತಿಳಿದು ಇನ್ನಷ್ಟು ನಕ್ಕರು. ಜಾಕಿ ಹಿಡಿದು ಓಡಿದವನು ಹಿದಾಯತ್ ಒಬ್ಬನೇ. ಬಸ್ಸನ್ನು ಎತ್ತಿ, ದಿಮ್ಮಿ ಕೊಟ್ಟು, ಮುದುಕನನ್ನು ಎಳೆದು ಹೊರಗೆ ಹಾಕಿದ. ಎರಡು ಬೆರಳು ಅರೆದ ಖಾರದಂತಾಗಿದ್ದವು. ಬಸ್ಸು ಎತ್ತಿದ್ದರಿಂದ ಸಂದಿ ಅಗಲವಾಗಿ, ಸ್ಪ್ಯಾನರ್ ತಾಗಿದ ಹೊಸ ಗುರುತು ನಟ್ಟಿನ ಮೇಲೆ ಕಂಡದ್ದೇ ಹಿದಾಯತ್ ಚೌಡೇಶನ ಮುಖ ನೋಡಿದ. ಚೌಡೇಶ, ದಿಮ್ಮಿ ಇಡಬ್ಯಾಡ ಅಂತ ನಾನೇನು ಹೇಳಿದ್ನಾ ಎಂದು ಮೈ ಜಾಡಿಸಿಕೊಂಡ. ಉಳಿದವರು ತಲೆಗೊಂದು ಮಾತಾಡಿದರು. ಕಿವಿ ಹೋದದ್ದು ಸಾಲದೆ ಕೈಯೂ ಹೋಯಿತಲ್ಲ ಎಂದು ಒಬ್ಬ ಅಂದದ್ದಕ್ಕೆ ನಗು ಮತ್ತೆ ಬಂತು.

ಹಿದಾಯತ್ ತನ್ನ ರುಮಾಲು ಹರಿದು ಆ ಕೈಗೆ ಸುತ್ತಲು ಹೋದ. ಮುದುಕನಿಗೆ ಕೇಳಲೆಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. ಹಾಗಾಗಿ ಕರುಣೆಯೂ ಇಡೀ ಬೀದಿಗೆ ಕೇಳಿಸಿತು.

"ಉಸ್ತಾದ್, ಆಸ್ಪತ್ರೆಗೆ ಹೋಗಾಣ ನಡೀರಿ. ಆಮ್ಯಾಲೆ ನಮ್ ಶೆಡ್ಡಿಗೇ ಬಂದ್ಬಿಡ್ರಿ. ನೀವು ಕೂತು ಕೆಲ್ಸ ಹೇಳ್ರಿ, ಕೇಳೋದು ನಾ ಕೇಳ್ತೀನಿ."

ಓಬಯ್ಯ ಕೈ ಕಿತ್ತುಕೊಂಡ. ರಕ್ತ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಹಿದಾಯತನ ಕಡೆ ತಿರುಗಿದ.

"ಕೂಗಬ್ಯಾಡ. ನಿನ್ ಕಿವಿ ನಂಗೆ ಬ್ಯಾಡ, ನಿನ್ ರುಮಾಲೂ ಬ್ಯಾಡ. ನಮ್ಮ ಮನೆತನದೋರು ಇನ್ನೊಬ್ರ ಹೆಗಲು ಕೇಳೋದು ಒಂದೇ ಸಲ, ಉಸಿರು ನಿಂತ ಮ್ಯಾಲೆ. ಹೊರಾಕೆ ಬರಂಗಿದ್ರೆ ಆವತ್ತು ಬಾ. ಇವತ್ತು ದಾರಿ ಬಿಡು."