ಚೀಲದ ಮೇಲಿನ ಜಿಂಕೆ

ಗೆಳೆಯರೇ, ಇವತ್ತು ಇಲ್ಲಿ ಅಮೆರಿಕದ ಸ್ನೊಕ್ವಾಲ್ಮಿ ಊರಿನ ಬೀಜದಂಗಡಿಯಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಹಿತ್ತಲಲ್ಲಿ ಜಿಂಕೆ ಕಾಟ. ರಾಣೆಬೆನ್ನೂರಿಂದ ಬಂದಿರುವ ಅವ್ವ ಜಿಂಕೆ ಚಿತ್ರವಿದ್ದ ಮೆಕ್ಕೆಜೋಳದ ಚೀಲವನ್ನೇ ಎತ್ತಿಕೊಂಡಳು.

“ಹುಳಕ್ಕ ಹೊಡಿಯೋ ಎಣ್ಣಿ ಡಬ್ಬಿ ಮ್ಯಾಲೆ ಹುಳದ ಚಿತ್ರ ಇರತೈತಲ್ಲ, ಹಂಗ. ಇದನ್ನ ಜಿಂಕಿ ಮುಟ್ಟಂಗಿಲ್ಲ.”

ಅಂಗಡಿಯವನನ್ನು ಕೇಳಿದೆ. ಅದು ಜಿಂಕೆಗಳನ್ನು ಕರೆಯಲೆಂದೇ ಬಿತ್ತುವ ಜೋಳವಂತೆ!

“ಹಂಗಾರ ಹೊಲಾ ಕಾಯಾವ್ರು ಯಾರು?” ಎಂದಳು ಅವ್ವ. ಅದನ್ನೂ ಕೇಳಿದೆ. ಬೇಟೆಗಾರರು ಬಂದೂಕು ಹಿಡಿದು ಕಾಯುತ್ತಾರಂತೆ.

ಅವ್ವ ಚೀಲ ಕೆಳಗಿಟ್ಟಳು. “ಉಣ್ಣಾಕ ಕರದು ಹೊಡೀತಾರ? ನಾವು ಬರೇ ಕಲ್ಲು ಒಗದು ಓಡಸ್ತಿದ್ವಿ.”

ಸಂಜೆ ಹಿತ್ತಲಿಗೆ ಜಿಂಕೆ ಬಂತು. ಅವ್ವ ಕಲ್ಲೆತ್ತಲಿಲ್ಲ. “ಯಾರರ ಉಣ್ಣಾಕ ಕರದ್ರ ಹೋಗಬ್ಯಾಡ,” ಎಂದು ಬುದ್ಧಿ ಹೇಳಿದಳು. ಅದು ತಲೆಯಾಡಿಸಿ, ನನ್ನ ಗುಲಾಬಿಯ ಕೊನೆಯ ಚಿಗುರನ್ನೂ ತಿಂದಿತು.