ನೂರ್ ಟೀಚರ್ ಹಂಚಿಕೊಟ್ಟ ಅಕ್ಷರಗಳು

"ರಘು ಸಾಹೇಬ್ರು ಎದ್ದಿದಾರಾ? ಅವರ 'ರ' ಸ್ವಲ್ಪ ಬೇಕಾಗಿತ್ತು."

ಜ್ವರ ಬಂದು ಮಲಗಿದ್ದ ನನ್ನ ನಾಲ್ಕು ವರ್ಷದ ಮಗನನ್ನು ಕೇಳಿಕೊಂಡು ನಮ್ಮೂರ ಅಂಗನವಾಡಿಯ ನೂರ್ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಇಡೀ ಅಂಗನವಾಡಿ ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು ಮಾಡಿಕೊಂಡು ನಿಂತಿತ್ತು. ನಾನು ಸೌಟು ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದೆ. ರಘು ಹೊದಿಕೆಯೊಳಗಿಂದಲೇ ಗತ್ತಿನಲ್ಲಿ, "ತಗೊಳ್ಳಿ, ಸಾಯಂಕಾಲ ವಾಪಸ್ ಕೊಡ್ಬೇಕು" ಎಂದ. ಟೀಚರ್ ಸಲಾಂ ಹೊಡೆದು ರೈಲನ್ನು ತಿರುಗಿಸಿಕೊಂಡು ಹೋದರು.

ಅವರ ಪಾಠದ ರೀತಿಯೇ ಅದು ಎಂದು ಆಮೇಲೆ ಗೊತ್ತಾಯಿತು. ಸೇರಿದ ದಿನವೇ ಪ್ರತಿ ಮಗುವಿಗೂ ಅದರ ಹೆಸರಿನ ಮೊದಲ ಅಕ್ಷರವನ್ನು ಕೊಟ್ಟುಬಿಡುತ್ತಿದ್ದರು. ಬೇರೆಯವರು ಆ ಅಕ್ಷರ ಬರೆಯಬೇಕಾದರೆ ಅದರ ಯಜಮಾನರನ್ನು ಕೇಳಿಯೇ ಬರೆಯಬೇಕು. 'ನ' ಟೀಚರ್‌ದು. ಯಾರಾದರೂ ಕೇಳಿದರೆ ವ್ಯಾನಿಟಿ ಬ್ಯಾಗಿನೊಳಗೆ ಕೈ ಹಾಕಿ ತಡಕಾಡಿ, ಬರಿಗೈ ಮುಂದೆ ಚಾಚಿ, "ತಗೋ ಬೇಟಾ, ಬೀಳಿಸ್ಬೇಡ" ಎನ್ನುತ್ತಿದ್ದರು. ಮಕ್ಕಳು ಎರಡೂ ಕೈಯೊಡ್ಡಿ ಈಸಿಕೊಳ್ಳುತ್ತಿದ್ದವು. ಹೀಗೆ ಕೊಟ್ಟೂ ಕೊಟ್ಟೂ ಆ ಚಿಳ್ಳೆಪಿಳ್ಳೆಗಳು ಬಸ್ಸಿನ ಬೋರ್ಡು ಕೂಡಿಸಿ ಓದುವಂತಾದವು. ದೊಡ್ಡಬಳ್ಳಾಪುರದಿಂದ ದಿನಾ ಬರುತ್ತಿದ್ದ ದಪ್ಪನೆಯ ಹೆಂಗಸು ಅವರು. ಮಂಡಿನೋವು ಬೇರೆ. ನೆಲಕ್ಕೆ ಕೂತರೆ ಏಳಲು ಮಕ್ಕಳೇ ಕೈ ಕೊಡಬೇಕು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬದುವಿನ ಜಗಳ ಹತ್ತಿಕೊಂಡಿತು. ರಾಜಘಟ್ಟದ ಕಡೆಯ ಹೊಲ ಭಾಗವಾಗಿ, ನನ್ನ ಗಂಡನೂ ಮೈದುನನೂ ಊರೆಲ್ಲ ಕೇಳುವಂತೆ ಬೈದಾಡಿಕೊಂಡರು. ಮೈದುನನ ಮಗಳು ಗಗನ ನಮ್ಮ ರಘುವಿನ ಓರಗೆಯವಳು, ಅದೇ ಅಂಗನವಾಡಿಗೆ ಹೋಗುವವಳು. "ಆ ಮನೆಯವ್ರ ಜೊತೆ ಮಾತಾಡಿದ್ರೆ ಕಾಲ್ ಮುರೀತೀನಿ" ಎಂದು ಇಬ್ಬರು ಅಪ್ಪಂದಿರೂ ಮಕ್ಕಳಿಗೆ ತಾಕೀತು ಮಾಡಿದರು.

ವಾರದೊಳಗೆ ಟೀಚರ್ ಬಂದರು. "ಏನಮ್ಮಾ ನಿಮ್ದು? ಇವ್ನು ಅವ್ಳಿಗೆ 'ರ' ಕೊಡಲ್ಲ, ಅವ್ಳು ಇವ್ನಿಗೆ 'ಗ' ಕೊಡಲ್ಲ. ನಿಮ್ ಹೊಲ್ದಲ್ಲಿ ರಾಗಿ ತೆನೆ ತೂಗ್ತಾ ಐತೆ, ನನ್ ಕ್ಲಾಸಲ್ಲಿ ರಾಗಿ ಅಂತ ಬರೆಯಾಕಾಗ್ತಿಲ್ಲ!"

ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡಮ್ಮ. ಇಬ್ರೂ ಸ್ಲೇಟೇ ಮುಟ್ತಿಲ್ಲ. ಹಿಂಗೇ ಬಿಟ್ರೆ ಓದೋದೇ ಬೇಡ ಅಂತಾವೆ."

ನಾಲ್ಕು ದಿನ ಬಿಟ್ಟು ರಘುವಿನ ಚಡ್ಡಿ ಒಗೆಯಲು ಹೋದರೆ ಜೇಬಿನಲ್ಲಿ ಒಂದು ಚೂರು ಕಾಗದ. ಅಂಗನವಾಡಿಯ ಗೋಡೆಯ ಚಾರ್ಟಿನಿಂದ ಹರಿದ 'ರ'.

"ಏನೋ ಇದು?"

"ನಂದು. ಗಗನ ಕೇಳ್ದೇನೇ ಬರ್ಕೊಂಡ್ಳು, ಅದಕ್ಕೇ ಕಿತ್ಕೊಂಡ್ ಬಂದ್ಬಿಟ್ಟೆ. ನಮ್ದು ನಮ್ಗೇ ಬರ್ಬೇಕು ಅಂತ ಅಪ್ಪ ಹೇಳಲ್ವಾ?"

ಇಷ್ಟುದ್ದದ ಕೂಸಿನ ಬಾಯಲ್ಲಿ ಎಂಥ ಮಾತು! ಒದ್ದೆ ಕೈಯಲ್ಲೇ ಅಂಗನವಾಡಿಗೆ ಓಡಿದೆ. ಟೀಚರ್ ಕಾಲು ಚಾಚಿಕೊಂಡು, ಚಾರ್ಟಿನಲ್ಲಿ ಬಿದ್ದಿದ್ದ ತೂತನ್ನು ನೋಡುತ್ತ ಕೂತಿದ್ದರು. ಅವರನ್ನು ಅಷ್ಟು ಸಪ್ಪಗೆ ನಾನು ಎಂದೂ ಕಂಡವಳಲ್ಲ.

"ನಾನು ಆಟ ಅಂತ ಕಲಿಸ್ದೆ ಕಣಮ್ಮಾ. ಇವ್ನು ಆಸ್ತಿ ಅಂತ ಕಲ್ತ. ಯಾ ಅಲ್ಲಾ, ಎಂಥಾ ಕೆಲ್ಸ ಮಾಡ್ಬಿಟ್ಟೆ!" ಎಂದರು. ಆಮೇಲೆ, "ಸೋಮವಾರ ಇಬ್ರನ್ನೂ ನನ್ ಪಕ್ಕದಲ್ಲೇ ಕೂರಿಸ್ಕೊಂತೀನಿ. ಅವರಪ್ಪಂದಿರು ಏನ್ ಬೇಕಾದ್ರೂ ಬೈಲಿ. ನೀನು ಮಾತ್ರ ತಡೀಬೇಡ" ಎಂದರು.

"ಇಲ್ಲ ಟೀಚರ್, ತಡೆಯಲ್ಲ" ಎಂದೆ. ಅದೇ ನಮ್ಮ ಕೊನೆಯ ಮಾತು.

ಭಾನುವಾರ ಬೆಳಿಗ್ಗೆ ಅಂಗನವಾಡಿಯ ಆಯಾ ಫೋನು ಮಾಡಿ, ಟೀಚರ್ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು ಎಂದಳು. "ಬಿಡ್ತು ಅನ್ನೇ! ಮೊನ್ನೆ ತಾನೇ ಮಾತಾಡಿದೀನಿ" ಎಂದು ಅವಳ ಮೇಲೆಯೇ ರೇಗಿದೆ. ರೇಗಿದರೆ ಸುಳ್ಳಾಗುತ್ತದೆಯೇ? ರಘುವನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಅವರ ಮನೆಯ ನಡುಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಸುತ್ತ ಹೆಂಗಸರು ಕಿಕ್ಕಿರಿದಿದ್ದರು. ಸ್ವಲ್ಪ ಹೊತ್ತಿಗೆ ನನ್ನ ವಾರಗಿತ್ತಿ ಸುಧಾ ಗಗನಳನ್ನು ಕರೆದುಕೊಂಡು ಬಂದಳು. ಜಾಗವಿದ್ದದ್ದು ನನ್ನ ಪಕ್ಕದಲ್ಲಿ ಮಾತ್ರ. ಮುಖ ಆ ಕಡೆ ತಿರುಗಿಸಿಕೊಂಡೇ ಕೂತಳು.

ಗಗನ ಅಮ್ಮನ ಮಡಿಲಿನಿಂದ ಬಗ್ಗಿ ಮೆಲ್ಲಗೆ ಕೇಳಿದಳು. "ಲೋ ರಘು, ಟೀಚರ್‌ದು 'ನ' ಈಗ ಗೋಮಾಳ ಆಗೋಯ್ತಾ? ಯಾರ್ ಬೇಕಾದ್ರೂ ತಗೋಬೋದಾ?"

ಜಗಳವಾದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ನಾನೂ ಸುಧಾಳೂ ಬೆಚ್ಚಿಬಿದ್ದೆವು.

"ಇಲ್ಲ ಕಣೇ" ಎಂದ ರಘು. "ಸೋಮವಾರ ಬರ್ತಾರಲ್ಲ, ಇಬ್ರೂ ಹೋಗಿ ಕೇಳಣ."

ಸುಧಾ ನನ್ನ ಕೈ ಹಿಡಿದುಕೊಂಡಳು. ಇನ್ನು ಟೀಚರ್ ಬರುವುದಿಲ್ಲ ಎಂದು ಆ ಮಕ್ಕಳಿಗೆ ಹೇಳಬೇಕಾದವರು ನಾವಿಬ್ಬರೇ.